ಸೊಂಟಕ್ಕೆ ಮುಕ್ಕಾಲು ಕಿಲೋ

ಟೀಪಾಯಿ ಮೇಲೆ ಹಳೆಯ ಟವೆಲ್ಲು ಹಾಸಿ, ಅದರ ಮೇಲೆ ರಿವಾಲ್ವರ್ ಇಟ್ಟಿದ್ದರು. ಪಕ್ಕದ ಸ್ಟೂಲಿನ ಮೇಲೆ ಮಂಡಕ್ಕಿ, ಆಗತಾನೆ ಕರಿದ ಮೆಣಸಿನಕಾಯಿ. ದಾವಣಗೆರೆಯಲ್ಲಿ ಹೆಣ್ಣು ನೋಡುವುದರಿಂದ ಹಿಡಿದು ಹೊಲದ ತಕರಾರಿನವರೆಗೆ ಯಾವುದೂ ಮಂಡಕ್ಕಿ ಇಲ್ಲದೆ ಇತ್ಯರ್ಥವಾಗುವುದಿಲ್ಲ. ಈ ಪಂಚಾಯಿತಿಯೂ ಅಷ್ಟೇ.

ಮನೆ ಇರುವುದು ದೇವರಾಜ ಅರಸು ಬಡಾವಣೆಯಲ್ಲಿ. ಯಜಮಾನರಿಗೆ ಈಗ 78. ಊರಿನ ಹತ್ತಿ ಮಿಲ್ಲುಗಳು ಸದ್ದು ಮಾಡುತ್ತಿದ್ದ ಕಾಲದಲ್ಲಿ ಅರಳೆ ವ್ಯಾಪಾರ ಮಾಡಿದವರು. ಸಂತೆಯಿಂದ ಸಂತೆಗೆ ನಗದು ಹೊತ್ತು ರಾತ್ರಿ ಪ್ರಯಾಣ ಮಾಡಬೇಕಿತ್ತು, ಅದಕ್ಕೆಂದು ಕೊಂಡದ್ದು ಈ ವೆಬ್ಲಿ ಅಂಡ್ ಸ್ಕಾಟ್. ಪಾಯಿಂಟ್ 32, ಆರು ಗುಂಡಿನದು, ಬರ್ಮಿಂಗ್‌ಹ್ಯಾಮಿನ ಮಾಲು. ಮಗನಿಗೆ ಚನ್ನಗಿರಿ ಕಡೆ ಅಡಿಕೆ ತೋಟ, ಒಂದಿಷ್ಟು ಮೆಕ್ಕೆಜೋಳ. ರಾತ್ರಿ ನೀರು ಹಾಯಿಸಲು ಹೋಗಬೇಕು, ಹಂದಿ ಕಾಯಬೇಕು. ಅಪ್ಪನ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವ ಓಡಾಟದಲ್ಲಿದ್ದಾರೆ. ಜೊತೆಗೆ ಫೋನಿನಲ್ಲಿ ಅಮೆರಿಕದ ರಿವಾಲ್ವರ್ ವಿಡಿಯೊಗಳನ್ನು ನೋಡಿ ನೋಡಿ ತಲೆ ಕೆಡಿಸಿಕೊಂಡಿದ್ದಾರೆ.

‘ಇದನ್ನ ಇಟ್ಕೊಳ್ಳೋದಾ, ಕೊಟ್ಟು ಹೊಸದು ತಗೊಳ್ಳೋದಾ? ತೋಟಕ್ಕೂ ಆಗಬೇಕು, ದಿನಾ ಸೊಂಟದಾಗ ಇಟ್ಕೊಂಡು ಓಡಾಡಾಕೂ ಆಗಬೇಕು. ನೀವು ಬರಿಯೋರು, ಹೇಳ್ರಿ’ ಎಂದರು. ಬರೆಯುವವನಿಗೆ ಎಲ್ಲ ಗೊತ್ತಿರುತ್ತದೆಂಬ ನಂಬಿಕೆ ನಮ್ಮೂರಲ್ಲಿ ಇನ್ನೂ ಉಳಿದಿದೆ. ಪುಣ್ಯಕ್ಕೆ, ನಿಜವಾಗಿ ಗೊತ್ತಿದ್ದವರು ಹರಿಹರದಿಂದ ಬಂದಿದ್ದರು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. 1941ರಲ್ಲಿ ತುಂಗಭದ್ರೆಯ ದಡದ ಆ ಊರಲ್ಲಿ ಶುರುವಾದ ಆ ಕಂಪನಿಯ ಲೇತುಗಳು ದೇಶವೆಲ್ಲ ಹೋಗಿವೆ. ಕಾರ್ಖಾನೆ ಮುಚ್ಚಿದರೂ ಅಲ್ಲಿ ಕೈ ಪಳಗಿಸಿಕೊಂಡವರ ಕಣ್ಣು ಮಂಜಾಗಿಲ್ಲ. ಬಂದೂಕಿನ ಬಗ್ಗೆ ಅವರಿಗೆ ಭಯವೂ ಇಲ್ಲ, ಭಕ್ತಿಯೂ ಇಲ್ಲ. ಅವರ ಪಾಲಿಗೆ ಅದು ಕಡೆದು ಕೊರೆದ ಉಕ್ಕಿನ ತುಂಡು.

ಮೊದಲು ಕಾಗದದ ಮಾತು. ವಿಡಿಯೊಗಳಲ್ಲಿ ಇದು ಇರುವುದೇ ಇಲ್ಲ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ, 21 ದಾಟಿದ, ಕಾನೂನಿನ ತೊಡಕಿಲ್ಲದ ಯಾರು ಬೇಕಾದರೂ ಪರವಾನಗಿ ಇಲ್ಲದೆ ಕೈಬಂದೂಕು ಹೊತ್ತು ತಿರುಗಬಹುದು. ಅಲ್ಲಿನವರು ಅಂಗಡಿಗೆ ಹೋಗಿ ಯಾವುದು ಚೆನ್ನ ಎಂದು ಕೇಳುತ್ತಾರೆ. ನಮ್ಮಲ್ಲಿ ಆ ಪ್ರಶ್ನೆ ಕೇಳುವ ಹೊತ್ತಿಗೆ ಜಿಲ್ಲಾಧಿಕಾರಿ ಕಚೇರಿ, ಪೊಲೀಸ್ ವರದಿ, ವೈದ್ಯರ ಪ್ರಮಾಣಪತ್ರ, ಬಂದೂಕು ಸುರಕ್ಷತೆಯ ತರಬೇತಿ ಎಲ್ಲ ಮುಗಿದಿರಬೇಕು. ವಾರಸುದಾರರಿಗೆ ಒಂದು ಬಾಗಿಲಿದೆ. ಪರವಾನಗಿದಾರರು ತೀರಿಕೊಂಡಾಗ, ಅಥವಾ ಅವರಿಗೆ 70 ತುಂಬಿದಾಗ, ಇಲ್ಲವೇ ಬಂದೂಕು ಅವರ ಬಳಿ 25 ವರ್ಷ ಇದ್ದಾಗ ಮಕ್ಕಳಿಗೆ ಲೈಸೆನ್ಸ್ ಕೊಡಬಹುದೆಂದು 2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುತ್ತವೆ. ಕೊಡಬಹುದು ಎಂದಿದೆ, ಕೊಡಲೇಬೇಕು ಎಂದಿಲ್ಲ. ಅಪ್ಪನ ಹೊಲದಂತೆ ಅಪ್ಪನ ರಿವಾಲ್ವರ್ ತಾನಾಗಿ ಮಗನ ಹೆಸರಿಗೆ ಬರುವುದಿಲ್ಲ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದದ್ದು. 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಉದ್ದ ನಳಿಗೆಗೂ ಗಿಡ್ಡ ನಳಿಗೆಗೂ ಭೇದ ಮಾಡಿದೆ. ಬೆಳೆ ಕಾಯುವ ರೈತ ಬಾಯಿಮದ್ದಿನ ಕೋವಿ ಕೇಳಿದರೆ, ಅಥವಾ ಒಬ್ಬರು ರಕ್ಷಣೆಗೆಂದು 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಚರೆಕೋವಿ ಕೇಳಿದರೆ, ಅಡ್ಡಿಯೇನೂ ಇಲ್ಲದಿದ್ದಲ್ಲಿ ಕೊಡಬೇಕು ಎಂಬುದು ಅದರ 13ನೇ ಕಲಮಿನ ಧಾಟಿ. ರಿವಾಲ್ವರ್ ಆ ಸಾಲಿನಲ್ಲಿಲ್ಲ. ಅದಕ್ಕೆ ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಹಂದಿ ಬರುತ್ತದೆ ಎಂಬುದು ಕೋವಿಗೆ ಕಾರಣವಾದೀತು, ಸೊಂಟದ ರಿವಾಲ್ವರಿಗೆ ಆಗುವುದು ಕಷ್ಟ.

ಟರ್ನರ್ ಮೇಸ್ತ್ರಿ ಇಷ್ಟು ಹೊತ್ತಿಗೆ ಕೈ ಒರೆಸಿಕೊಂಡು ರಿವಾಲ್ವರ್ ಎತ್ತಿಕೊಂಡಿದ್ದರು. ಯಜಮಾನರು ಮೊದಲೇ ಖಾಲಿ ಮಾಡಿದ್ದರೂ ಮತ್ತೊಮ್ಮೆ ತೆರೆದು ಆರೂ ತೂತುಗಳನ್ನು ನೋಡಿದರು. ಖಾಲಿ ಇದೆ ಎಂದು ಯಾರು ಹೇಳಿದರೂ ನಂಬದೆ ತಾನೇ ತೆರೆದು ನೋಡುವುದು ಬಂದೂಕು ಹಿಡಿಯುವವರ ಮೊದಲ ಪಾಠ. ಅದು ಅವರಿಗೆ ಯಾರೂ ಕಲಿಸದೆ ಬಂದಿತ್ತು, ಓಡುವ ಲೇತಿನ ಮುಂದೆ ನಿಂತವರಲ್ಲವೆ.

ಈ ವೆಬ್ಲಿ ಮಾದರಿ ಕೊಕ್ಕೆ ಬಿಚ್ಚಿದರೆ ನಡುವಿನಲ್ಲೇ ಬಾಗಿ ಬಾಯಿ ತೆರೆಯುತ್ತದೆ. ಖಾಲಿ ತೋಟಾಗಳೆಲ್ಲ ಒಟ್ಟಿಗೆ ಮೇಲೆದ್ದು ಬೀಳುತ್ತವೆ. ನೋಡಲು ಚೆಂದ. ಆದರೆ ಇಡೀ ಭಾರ ಬೀಳುವುದು ಆ ಒಂದು ಕೊಕ್ಕೆಯ ಮೇಲೆ. ಮೇಸ್ತ್ರಿ ನಳಿಗೆ ಹಿಡಿದು ಮೆಲ್ಲನೆ ಅಲುಗಿಸಿದರು. ಕುದುರೆ ಎಳೆದು ಹಿಡಿದುಕೊಂಡೇ ಸಿಲಿಂಡರನ್ನು ಬೆರಳಲ್ಲಿ ಆಡಿಸಿ ನೋಡಿದರು. ಅಂಗಿ ಜೇಬಿನಿಂದ ಫೀಲರ್ ಗೇಜ್ ತೆಗೆದು ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಗೆ ತೂರಿಸಿದರು. ‘ಆರು ಥೌ. ಇದು ಪರವಾಗಿಲ್ಲ’ ಎಂದರು. ಒಂದು ಇಂಚಿನ ಸಾವಿರದಲ್ಲಿ ಆರು ಪಾಲು, ಎರಡು ಕೂದಲೆಳೆಯ ದಪ್ಪ. ಸಂದಿ ಇದಕ್ಕಿಂತ ತೀರಾ ಹೆಚ್ಚಾದರೆ ಬೆಂಕಿ, ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತವೆ. ತೀರಾ ಕಡಿಮೆಯಾದರೆ ಮಸಿ ಕಟ್ಟಿ ಸಿಲಿಂಡರ್ ತಿರುಗದೆ ಕೂರುತ್ತದೆ. ‘ಆದ್ರೆ ಕೊಕ್ಕೆ ಸವದೈತಿ. ಇಲ್ಲಿ ನೋಡ್ರಿ, ಆಡ್ತೈತಿ. ಇದನ್ನ ಹೊಡಿಯಾಕ ನಾನಂತೂ ಹೇಳಂಗಿಲ್ಲ.’

ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಕಲ್ಪನೆ ಇವತ್ತಿಗೂ ಮೂಲದಲ್ಲಿ ಬದಲಾಗಿಲ್ಲ. ತಿರುಗುವ ಉರುಳೆಯಲ್ಲಿ ಹಲವು ಗೂಡು, ಮುಂದೆ ಒಂದೇ ನಳಿಗೆ. ರಿವಾಲ್ವರನ್ನು ಇಷ್ಟಪಡುವವರು ಹೇಳುವ ಕಾರಣವೂ ಈ ಸರಳತೆಯೇ. ಒಂದು ತೋಟಾ ಸಿಡಿಯದಿದ್ದರೆ ಮತ್ತೊಮ್ಮೆ ಕುದುರೆ ಎಳೆದರಾಯಿತು, ಮುಂದಿನದು ಎದುರಿಗೆ ಬರುತ್ತದೆ. ಪಿಸ್ತೂಲಿನಂತೆ ಸಿಕ್ಕಿಕೊಂಡದ್ದನ್ನು ಎಳೆದು ಬಿಡಿಸುವ ಗೋಜಿಲ್ಲ. ವರ್ಷಕ್ಕೊಮ್ಮೆ ಮುಟ್ಟುವವರಿಗೆ ಇದು ದೊಡ್ಡ ಅನುಕೂಲ. ಹಾಗೆಂದು ಸುಲಭವಲ್ಲ. ಹ್ಯಾಮರ್ ಹಿಂದಕ್ಕೆ ಎಳೆಯದೆ ನೇರವಾಗಿ ಕುದುರೆ ಎಳೆದು ಹೊಡೆಯಬೇಕೆಂದರೆ ತೋರುಬೆರಳಿಗೆ ಐದಾರು ಕಿಲೋ ಭಾರ. ಗಾಬರಿಯಲ್ಲಿ, ಕತ್ತಲಲ್ಲಿ, ಆ ಐದಾರು ಕಿಲೋ ಎಳೆಯುವಷ್ಟರಲ್ಲಿ ನಳಿಗೆಯ ಮೂತಿ ಎಲ್ಲಿಗೆ ತಿರುಗಿರುತ್ತದೋ.

ಹಾಗಾದರೆ ಹೊಸದು? ಆಯ್ಕೆಗೆ ಸಂತೆಯೇನೂ ತೆರೆದಿಲ್ಲ. ಖಾಸಗಿ ಬಳಕೆಗೆ ವಿದೇಶಿ ಬಂದೂಕು ತರಿಸುವುದಕ್ಕೆ 1980ರ ದಶಕದಿಂದಲೇ ಬೀಗ ಬಿದ್ದಿದೆ, ಸ್ಪರ್ಧೆಯ ಶೂಟರುಗಳಂಥ ಕೆಲವರಿಗೆ ಮಾತ್ರ ವಿನಾಯಿತಿ. ಹಾಗಾಗಿಯೇ ಯಜಮಾನರ ಬಳಿಯಿರುವಂಥ ಹಳೆಯ ವಿಲಾಯತಿ ಮಾಲಿಗೆ ಯೋಗ್ಯತೆಗೆ ಮೀರಿದ ಬೆಲೆ. ಮಗ ಫೋನಿನಲ್ಲಿ ನೋಡಿದ ಪಾಯಿಂಟ್ 357 ಮ್ಯಾಗ್ನಮ್ ಇಲ್ಲಿ ಕನಸಿನ ಮಾತು. ಪೊಲೀಸರು, ಸೈನ್ಯ ಬಳಸುವ ಹಲವು ಅಳತೆಗಳು ನಿಷೇಧಿತ ಪಟ್ಟಿಯಲ್ಲಿವೆ. ಉಳಿಯುವುದು ಮುಖ್ಯವಾಗಿ ಪಾಯಿಂಟ್ 32. ಕಾನ್ಪುರದ ಸರ್ಕಾರಿ ಕಾರ್ಖಾನೆ ದಶಕಗಳಿಂದ ಮಾಡುತ್ತಿರುವ ರಿವಾಲ್ವರ್ ಇದೇ ವೆಬ್ಲಿಯ ಮನೆತನದ್ದು. 2014ರ ಜನವರಿಯಲ್ಲಿ ‘ನಿರ್ಭೀಕ್’ ಬಂತು. ಟೈಟಾನಿಯಂ ಮಿಶ್ರಲೋಹ, ಅರ್ಧ ಕಿಲೋ ತೂಕ, ಆಗಿನ ಬೆಲೆ ಒಂದು ಲಕ್ಷ ಇಪ್ಪತ್ತೆರಡು ಸಾವಿರದ ಮೇಲೆ. ದೆಹಲಿಯ ನಿರ್ಭಯಾ ಪ್ರಕರಣದ ನೆನಪಿಗೆ ಹೆಸರಿಟ್ಟು, ಹೆಣ್ಣುಮಕ್ಕಳ ಕೈಚೀಲಕ್ಕೆಂದು ಸಾರಿದರು. ಅಷ್ಟು ದುಡ್ಡು, ಲೈಸೆನ್ಸ್ ಎರಡೂ ಇರುವ ಹೆಣ್ಣುಮಗಳು ಸಿಟಿ ಬಸ್ಸಿನಲ್ಲಿ ಓಡಾಡುತ್ತಾಳೆಯೇ ಎಂದು ಆಗಲೇ ಹಲವರು ಕೇಳಿದ್ದರು.

2023ರ ಆಗಸ್ಟ್‌ನಲ್ಲಿ ಬಂದದ್ದು ‘ಪ್ರಬಲ್’. ಹಳೆಯ ಆರ್ಡ್‌ನನ್ಸ್ ಕಾರ್ಖಾನೆಗಳನ್ನು 2021ರಲ್ಲಿ ಏಳು ಕಂಪನಿಗಳಾಗಿ ಒಡೆದಾಗ ಹುಟ್ಟಿದ ಕಾನ್ಪುರದ ಕಂಪನಿಯದು. ತೂಕ 700 ಗ್ರಾಂ, ನಳಿಗೆ 76 ಮಿಲಿಮೀಟರ್, ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ. ಮೇಸ್ತ್ರಿಗೆ ಹಿಡಿಸಿದ್ದು ಇದೊಂದೇ ಅಂಶ. ಪಕ್ಕಕ್ಕೆ ತೆರೆಯುವುದರಲ್ಲಿ ಚೌಕಟ್ಟು ಇಡಿಯಾಗಿ ಉಳಿಯುತ್ತದೆ, ಕೊಕ್ಕೆ ಸವೆಯುವ ರೋಗವಿಲ್ಲ. 50 ಮೀಟರ್ ದೂರಕ್ಕೆ ಹೊಡೆಯುತ್ತದೆ ಎಂಬ ಜಾಹೀರಾತಿನ ಮಾತಿಗೆ ಮಾತ್ರ ಅವರು ನಕ್ಕರು. ‘ಗುಂಡು ಹೋಗ್ತೈತಿ ಬಿಡ್ರಿ. ಕೈ ಹೋಗಬೇಕಲ್ಲ.’ ಮೂರು ಇಂಚಿನ ನಳಿಗೆ ಹಿಡಿದು, ವರ್ಷಕ್ಕೆ ಹತ್ತು ಗುಂಡೂ ಹೊಡೆಯದವರು ಹತ್ತು ಹೆಜ್ಜೆ ದೂರದ ತೆಂಗಿನಕಾಯಿಗೆ ತಾಗಿಸಿದರೂ ಅದು ಅದೃಷ್ಟವೇ.

ಈಗ ತೋಟದ ವಿಷಯ. ನನಗೆ ಖಚಿತ ಅಭಿಪ್ರಾಯ ಇರುವುದು ಇಲ್ಲಿ.

ಪಾಯಿಂಟ್ 32ರ ಗುಂಡು ಆರೂಕಾಲು ಗ್ರಾಂನಷ್ಟು ಸೀಸ, ಸೆಕೆಂಡಿಗೆ 200 ಮೀಟರಿಗೆ ತುಸು ಹೆಚ್ಚು ವೇಗ. ಲೆಕ್ಕ ಹಾಕಿದರೆ ಸುಮಾರು 150 ಜೂಲ್ ಶಕ್ತಿ. ನಮ್ಮ ಕಡೆ ತೋಟಾಕೋವಿ ಎನ್ನುವ 12 ಬೋರಿನ ಒಂದು ಈಡು ಎರಡು ಸಾವಿರ ಜೂಲ್ ದಾಟುತ್ತದೆ. ಬೆಂಗಳೂರಿನ ಕೆನೆತ್ ಆಂಡರ್ಸನ್, ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ಕನ್ನಡದ ಮನೆಮನೆಗೆ ಬಂದ ಬೇಟೆಗಾರ, ನರಭಕ್ಷಕಗಳ ಹಿಂದೆ ಹೋಗುವಾಗ ಹೊರುತ್ತಿದ್ದದ್ದು ಪಾಯಿಂಟ್ 405 ವಿಂಚೆಸ್ಟರ್ ರೈಫಲ್. ಬಲಿತ ಗಂಡುಹಂದಿಯ ಭುಜದ ಚರ್ಮ, ಅದರ ಮೇಲೆ ಒಣಗಿದ ಕೆಸರು, ಕೆಳಗಿನ ಕೊಬ್ಬು ಇವುಗಳ ಮುಂದೆ 150 ಜೂಲ್ ಎಂದರೆ ಹಂದಿಗೆ ಸಿಟ್ಟು ಬರಿಸುವ ವಿದ್ಯೆ. ಜಗಳೂರು ಕಡೆಯ ಕರಡಿಯ ಮಾತಂತೂ ಬೇಡ. ಅಮೆರಿಕದವರು ಕಾಡಿಗೆ ರಿವಾಲ್ವರ್ ಒಯ್ಯುತ್ತಾರೆ, ನಿಜ. ಅವರು ಒಯ್ಯುವ ಮ್ಯಾಗ್ನಮ್ ಇದರ ನಾಲ್ಕೈದು ಪಟ್ಟು ಹೊಡೆತದ್ದು, ಕೆಲವು ಇನ್ನೂ ಹೆಚ್ಚಿನದು. ಅವರ ಉತ್ತರವನ್ನು ನಮ್ಮ ಪ್ರಶ್ನೆಗೆ ಅಂಟಿಸಲಾಗದು.

ಗುಂಡು ಸಾಕಾಗಿದ್ದರೂ ಕಾನೂನು ಬಿಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ, ಬೆಳೆ ತಿಂದ ಹಂದಿಯನ್ನಾದರೂ ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಹೊಡೆದರೆ ಅಪರಾಧವೇ. ಮೈಮೇಲೆ ಬಿದ್ದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಹೊಡೆದರೆ ಅದೇ ಕಾಯ್ದೆ ರಕ್ಷಣೆ ಕೊಡುತ್ತದೆ. ಆದರೆ ಬೇಟೆಗೆಂದು ಹೋಗಿ ಸಿಕ್ಕಿಬಿದ್ದವರಿಗೆ ಆ ನೆಪ ಇಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿಗಳಿಗೆಂದೇ ಮೀಸಲಾದ ಅಭಯಾರಣ್ಯ. ಅದರ ಅಂಚಿನ ಹೊಲದಲ್ಲಿ ಕತ್ತಲಲ್ಲಿ ಕಣ್ಣು ಹೊಳೆದದ್ದು ಹಂದಿಯದೋ, ಕೊಂಡುಕುರಿಯದೋ, ನೀರು ಕಟ್ಟಲು ಬಂದ ಪಕ್ಕದ ಹೊಲದವರ ಬ್ಯಾಟರಿಯೋ? ಮುಂದಿರುವುದು ಏನು, ಅದರ ಹಿಂದಿರುವುದು ಏನು ಎಂದು ತಿಳಿಯದೆ ಕುದುರೆಗೆ ಬೆರಳಿಡಬಾರದು. ಮೆಕ್ಕೆಜೋಳ ಆಳೆತ್ತರ ಬೆಳೆದ ಮೇಲೆ ಅದು ತಿಳಿಯುವ ಮಾತೇ ಇಲ್ಲ.

ರಾತ್ರಿ ತೋಟದಲ್ಲಿ ನಿಜವಾಗಿ ಕೊಲ್ಲುವುದು ಹಾವು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು, ತೊಂದರೆ ಅಷ್ಟಿದೆ ಎಂದೇ. ಹಾವಿಗೆ ರಿವಾಲ್ವರ್ ಎತ್ತುವವನು ತನ್ನ ಕಾಲನ್ನೇ ಹೊಡೆದುಕೊಂಡಾನು. ತೋಟಕ್ಕೆ ಯಾವುದು ಚೆನ್ನ ಎಂದು ಕೇಳಿದವರಿಗೆ ನಾನು ಹೇಳಿದ್ದು ಇಷ್ಟು. ಮೊಣಕಾಲವರೆಗಿನ ಗಮ್‌ಬೂಟು, ಎರಡು ಫರ್ಲಾಂಗು ಬೆಳಕು ಬೀಳುವ ಬ್ಯಾಟರಿ, ಉದ್ದನೆಯ ಕೋಲು, ಸುತ್ತ ಸೋಲಾರ್ ಬೇಲಿ. ಹಂದಿಯದು ತೀರಾ ಕಾಟವಾದರೆ ಬೆಳೆ ರಕ್ಷಣೆ ಲೈಸೆನ್ಸಿನಲ್ಲಿ ಒಂದು ಒಂಟಿನಳಿಗೆ ಕೋವಿ. ಅದರ ಸದ್ದಿಗೇ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಮಗನ ಮುಖ ಬಾಡಿತು. ಫೋನಿನಲ್ಲಿ ಗಮ್‌ಬೂಟಿನ ಬಗ್ಗೆ ಅಷ್ಟು ಚೆಂದದ ವಿಡಿಯೊಗಳು ಇರಲಿಕ್ಕಿಲ್ಲ.

ದಿನನಿತ್ಯ ಸೊಂಟದಲ್ಲಿಡುವ ವಿಷಯಕ್ಕೆ ಬರೋಣ. 700 ಗ್ರಾಂಗೆ ಆರು ತೋಟಾ ಸೇರಿದರೆ ಮುಕ್ಕಾಲು ಕಿಲೋ. ಪಂಚೆಗೆ ಬೆಲ್ಟಿಲ್ಲ. ಪ್ಯಾಂಟಿನ ತೆಳು ಬೆಲ್ಟು ಒಂದು ಕಡೆ ಜೋತುಬೀಳುತ್ತದೆ. ದಪ್ಪ ಬೆಲ್ಟು, ಕುದುರೆಯನ್ನು ಪೂರ್ತಿ ಮುಚ್ಚುವ ಗಟ್ಟಿ ಚೀಲ, ಅದರ ಮೇಲೆ ಇಳಿಬಿಟ್ಟ ಅಂಗಿ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಇದು ಬೆವರಿನ ಸ್ನಾನ, ಬೆವರು ಉಕ್ಕಿಗೆ ತುಕ್ಕು. ಚರ್ಮದ ಚೀಲದಲ್ಲೇ ತಿಂಗಳುಗಟ್ಟಲೆ ಇಟ್ಟರೆ ಚರ್ಮ ಹೀರಿದ ಪಸೆಯೂ ಹದ ಮಾಡಿದ ಉಪ್ಪೂ ಉಕ್ಕನ್ನು ತಿನ್ನುತ್ತವೆ. ಯಜಮಾನರ ವೆಬ್ಲಿಯ ಎಡಮೈ ಪೂರ್ತಿ ಚುಕ್ಕೆ ಚುಕ್ಕೆಯಾಗಿರುವುದು ಹಾಗೆಯೇ. ಹಿಡಿಯ ಬುಡದ ಕೆಂಪು ಕಲೆಗೆ ಬೇರೆ ಕಾರಣವಿದೆ. ಆಯುಧಪೂಜೆಗೆ ವರ್ಷವರ್ಷವೂ ಹಚ್ಚಿದ ಅರಿಶಿನ ಕುಂಕುಮ. ‘ಪೂಜೆ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಸಂಜಿಗೆ ಒರಸಿ ಎಣ್ಣಿ ಹಚ್ರಿ’ ಎಂದು ಮೇಸ್ತ್ರಿ ಸಣ್ಣಗೆ ಗದರಿದರು.

ಸೊಂಟದಲ್ಲಿಟ್ಟುಕೊಂಡು ಹೋಗುವುದಾದರೂ ಎಲ್ಲಿಗೆ? ಕೋರ್ಟಿಗೆ ಬಿಡುವುದಿಲ್ಲ, ಬ್ಯಾಂಕಿನ ಬಾಗಿಲಲ್ಲಿ ತಕರಾರು, ಸಿನಿಮಾ ಮಂದಿರದಲ್ಲಿ ತಪಾಸಣೆ. ಮದುವೆ ಮಂಟಪದಲ್ಲಿ ಮಕ್ಕಳು ತೊಡೆ ಹತ್ತುತ್ತವೆ. ಆಗೆಲ್ಲ ಸ್ಕೂಟರಿನ ಡಿಕ್ಕಿಯಲ್ಲಿ ಬಿಡುವಂತಿಲ್ಲ. ಕಳುವಾದರೆ ಲೈಸೆನ್ಸಿನ ಜೊತೆ ನೆಮ್ಮದಿಯೂ ಹೋಗುತ್ತದೆ. ಬಿಚ್ಚಿ ತೋರಿಸುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಝಳಪಿಸುವುದನ್ನು ನಿಯಮ ನಿಷೇಧಿಸಿದೆ. ಸಂಭ್ರಮಕ್ಕೆಂದು ಗಾಳಿಯಲ್ಲಿ ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಅಡಿಕೆ ಮೂಟೆ ಹೊತ್ತು ಓಡುವ ಕಳ್ಳನ ಬೆನ್ನಿಗೆ ಹೊಡೆದರೆ ಆತ್ಮರಕ್ಷಣೆ ಎನ್ನಲಾಗದು. ಬರೀ ಕಳ್ಳತನಕ್ಕೆ ಜೀವ ತೆಗೆಯುವ ಹಕ್ಕನ್ನು ಹಳೆಯ ದಂಡ ಸಂಹಿತೆಯೂ ಕೊಟ್ಟಿರಲಿಲ್ಲ, 2024ರ ಜುಲೈನಿಂದ ಜಾರಿಯಾದ ಹೊಸ ನ್ಯಾಯ ಸಂಹಿತೆಯೂ ಕೊಟ್ಟಿಲ್ಲ. ಇನ್ನು ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಬೇಕು. ಲೋಕಸಭೆ, ವಿಧಾನಸಭೆ, ಪಂಚಾಯಿತಿ ಅಂತ ಲೆಕ್ಕ ಹಾಕಿದರೆ ನಮ್ಮ ರಿವಾಲ್ವರುಗಳು ಮಾಲೀಕರಿಗಿಂತ ಹೆಚ್ಚು ಸಲ ಪೊಲೀಸ್ ಠಾಣೆ ನೋಡಿವೆ.

ಕೊಡಗಿನವರ ಮಾತು ಬೇರೆ ಎಂದು ಮಗ ನಡುವೆ ಬಾಯಿ ಹಾಕಿದರು. ಬೇರೆಯೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಕೈಲ್‌ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜಿಸುವ ಅವರ ತೋಕ್, ಅಂದರೆ ಕೋವಿ, ಆಳುದ್ದದ್ದು, ಊರಿಗೆಲ್ಲ ಕಾಣುವಂಥದ್ದು. ಅಂಗಿಯೊಳಗೆ ಅಡಗುವ ಜಾತಿಯದಲ್ಲ.

150 ಜೂಲ್ ಸಾಲದು ಎಂದೆನಲ್ಲ, ಅದು ಹಂದಿಯ ಮಟ್ಟಿಗೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆ ಬಾಗಿಲಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ಮನೆ ಮುಂದೆ ಪತ್ರಕರ್ತೆ ಗೌರಿ ಲಂಕೇಶರನ್ನು ಕೊಂದದ್ದು 7.65 ಮಿಲಿಮೀಟರಿನ ನಾಡ ಪಿಸ್ತೂಲು. ಇಂಚಿನ ಲೆಕ್ಕದಲ್ಲಿ ಹೇಳಿದರೆ ಅದೂ ಪಾಯಿಂಟ್ 32ರ ಬಳಗದ್ದೇ. ಇದನ್ನು ಹೇಳಿದಾಗ ಕೋಣೆಯಲ್ಲಿ ಯಾರೂ ಮಂಡಕ್ಕಿಗೆ ಕೈ ಹಾಕಲಿಲ್ಲ. ಬಾಗಿಲು ತೆರೆದು ಮಾತಾಡಿಸಲು ಬಂದವರಿಗೆ ಸೊಂಟದ ರಿವಾಲ್ವರ್ ಏನು ಮಾಡೀತು? ತೆಗೆಯಬೇಕೆಂದು ಹೊಳೆಯುವಷ್ಟರಲ್ಲಿ ಮುಗಿದಿರುತ್ತದೆ.

ಇಷ್ಟಾದ ಮೇಲೂ ನಿಜವಾದ ಬೆದರಿಕೆ ಇರುವವರು ಇರುತ್ತಾರೆ. ಲೈಸೆನ್ಸ್ ಸಿಕ್ಕಿ, ಕೊಳ್ಳಲೇಬೇಕಾದರೆ ನನ್ನ ಮತ ತೀರಾ ನೀರಸವಾದದ್ದಕ್ಕೆ. ಹಳೆಯ ಹೆಸರಿನ ಮೋಹ ಬಿಟ್ಟು, ಪಕ್ಕಕ್ಕೆ ತೆರೆಯುವ ಉಕ್ಕಿನ ಪಾಯಿಂಟ್ 32. ಹಗುರವಾದಷ್ಟೂ ಕೈಗೆ ಒದೆತ ಹೆಚ್ಚು, ಆದ್ದರಿಂದ ಅರ್ಧ ಕಿಲೋಗಿಂತ 700 ಗ್ರಾಂ ವಾಸಿ. ಕೊಳ್ಳುವ ಮುಂಚೆ ತೋರುಬೆರಳಿನ ಮೊದಲ ಗೆಣ್ಣು ಕುದುರೆಗೆ ಸರಿಯಾಗಿ ಕೂರುತ್ತದೆಯೇ ನೋಡಬೇಕು. ತೀರಾ ಹಳೆಯ ಮಾದರಿಯಾದರೆ ಹ್ಯಾಮರ್ ಕೆಳಗಿನ ಗೂಡು ಖಾಲಿ ಬಿಟ್ಟು ಐದೇ ತುಂಬಬೇಕು, ಕೆಳಗೆ ಬಿದ್ದರೂ ಸಿಡಿಯದಂತೆ. ಹೊಡೆದು ಕಲಿಯಲು ಬೆಂಗಳೂರಿನವರೆಗೆ ಹೋಗಬೇಕಾದೀತು. ಪೊಲೀಸರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರದಲ್ಲಿ ಕೈಗೆ ಸಿಗುವುದು ಹೆಚ್ಚಾಗಿ ರೈಫಲ್ಲೇ. ಆದರೂ ಹೋಗಬೇಕು, ಶಿಸ್ತು ಅಲ್ಲಿ ಸಿಗುತ್ತದೆ. ಮನೆಯಲ್ಲಿ ಆಯುಧ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ. ಮನೆಯಲ್ಲಿ ಕುಡಿಯುವವರೋ, ಮನಸ್ಸು ಕೆಟ್ಟವರೋ, ಮೊದಲು ಸಿಟ್ಟು ಆಮೇಲೆ ಬುದ್ಧಿ ಎನ್ನುವವರೋ ಇದ್ದರೆ ಕೊಳ್ಳುವ ಮಾತೇ ಬೇಡ.

ಕಾಫಿ ಬಂತು. ಅಷ್ಟು ಹೊತ್ತು ಸುಮ್ಮನಿದ್ದ ಯಜಮಾನರನ್ನು ಮೇಸ್ತ್ರಿಯೇ ಕೇಳಿದರು, ‘ಸಾಹುಕಾರ್ರೇ, ನೀವು ಎಷ್ಟು ಸಲ ಹೊಡದೀರಿ ಇದನ್ನ?’

‘ಮೈದಾನದಾಗ ಎರಡು ಸಲ. ಕಾಗದಕ್ಕೆ.’

‘ಮತ್ತೆ ದಿನಾ ಸೊಂಟದಾಗ ಇರ್ತಿತ್ತಲ್ಲ?’

ಯಜಮಾನರು ಟವೆಲ್ಲಿನ ನಾಲ್ಕೂ ತುದಿ ಮಡಚಿ ರಿವಾಲ್ವರ್ ಸುತ್ತತೊಡಗಿದರು. ‘ಮೊದಲನೇ ವರ್ಷ ಸೊಂಟದಾಗ ಇತ್ತು. ತೊಡಿ ಕೆತ್ತಿ ಗಾಯ ಆತು. ಆಮೇಲೆ ಚೀಲದಾಗ, ದುಡ್ಡಿನ ಕೆಳಗ. ಆಮೇಲೆ ಬೀರುದಾಗ. ಜನ ಮಾತ್ರ ಅದು ಸೊಂಟದಾಗೇ ಐತಿ ಅಂದ್ಕೊಂಡಿದ್ರು. ನಾನೂ ಇಲ್ಲ ಅನ್ನಲಿಲ್ಲ.’

ಮಗ ಅಪ್ಪನನ್ನೇ ನೋಡುತ್ತಿದ್ದರು. ಮನೆಯವರಿಗೂ ಇದು ಹೊಸ ಸುದ್ದಿ ಇದ್ದಂತಿತ್ತು. ಯಜಮಾನರು ಎದ್ದು ಒಳಗೆ ಹೋಗಿ ಬೀರು ತೆರೆದ ಸದ್ದು, ಮುಚ್ಚಿದ ಸದ್ದು ಕೇಳಿತು. ಹೊರಗೆ ಬಂದಾಗ ಕೀಲಿಕೈಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಮೇಸ್ತ್ರಿ ಫೀಲರ್ ಗೇಜನ್ನು ಅಂಗಿ ಅಂಚಿಗೆ ಒರೆಸಿ ಜೇಬಿಗೆ ಹಾಕಿ, ಕೊನೆಯ ಮೆಣಸಿನಕಾಯಿ ಯಾರಿಗೆ ಎಂದು ಕೇಳಿದರು.